ರಿಕ್ರೂಟರ ತರಬೇತಿ: ವಾರಗಳ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ಪದಾತಿದಳಕ್ಕೆ ಹೊಸದಾಗಿ ಸೇರಿದವರಿಗೆ ಎಷ್ಟು ವಾರ ತರಬೇತಿ ಬೇಕು ಎಂಬ ಬಗ್ಗೆ ತಮ್ಮ ವಾಚಕರ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಓದುತ್ತಿದ್ದೇವೆ. ಅವಧಿ ಹೆಚ್ಚಾಗಲಿ ಎಂದು ಕೆಲವರು, ಶಿಸ್ತು ಬಿಗಿಯಾದರೆ ಸಾಕು ಎಂದು ಕೆಲವರು. ತರಬೇತಿಯನ್ನೇ ಕಸುಬಾಗಿ ಮಾಡಿದವರಾದ ನಮಗೆ ಎರಡೂ ವಾದ ಅರೆಬರೆ ಅನ್ನಿಸುತ್ತದೆ. ಪ್ರತಿಯೊಬ್ಬ ರಿಕ್ರೂಟ್ ಒಂದೊಂದು ಕೆಲಸವನ್ನು ತನ್ನ ಕೈಯಾರೆ ಎಷ್ಟು ಸಲ ಮಾಡಿದ, ಅದರಲ್ಲಿ ಕತ್ತಲಲ್ಲಿ ಎಷ್ಟು, ಏದುಸಿರು ಬಿಡುವಾಗ ಎಷ್ಟು, ಗಾಯವಾಗಿ ಎಷ್ಟು ದಿನ ಕೂತ, ಕೊನೆಗೆ ಅವನನ್ನು ಸೇರಿಸಿಕೊಂಡ ಕಂಪನಿ ಎಂಬ ಸೇನಾ ತುಕಡಿ ಮೊದಲ ಕೆಲವು ವಾರ ಅವನನ್ನು ಹೇಗೆ ಬಳಸಿಕೊಂಡಿತು? ಇವಕ್ಕೆ ಉತ್ತರ ಸಿಗದಿದ್ದರೆ ಹದಿನಾಲ್ಕು ವಾರವೂ ಒಂದೇ, ಮೂವತ್ತು ವಾರವೂ ಒಂದೇ.

ಅಮೆರಿಕದ ಸೇನೆ 2018ರಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ಪದಾತಿ ರಿಕ್ರೂಟರ ತರಬೇತಿಯನ್ನು 14 ವಾರದಿಂದ 22 ವಾರಕ್ಕೆ ಏರಿಸಿತು. ಹೆಚ್ಚಾದ ಎಂಟು ವಾರದಲ್ಲಿ ಬಹುಪಾಲು ಹಳೆಯ ಪಾಠಗಳೇ ಇದ್ದವು: ಗುಂಡು ಹಾರಿಸುವುದು, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ದಾರಿ ಹುಡುಕುವುದು, ಪ್ರಥಮ ಚಿಕಿತ್ಸೆ, ಸೆಕ್ಷನ್ (ಸುಮಾರು ಹತ್ತು ಜನರ ಸಣ್ಣ ತುಕಡಿ) ಮಟ್ಟದ ಅಭ್ಯಾಸ. ಸಲಗಳು ಹೆಚ್ಚಿದವು, ಅಷ್ಟೇ; ಅದೇ ಅದರ ತಿರುಳು ಕೂಡ. ಇನ್ನೊಂದು ಕಡೆ, 2022ರಲ್ಲಿ ಉಕ್ರೇನಿನ ಹೊಸಬರಿಗಾಗಿ ಬ್ರಿಟನ್ನಿನಲ್ಲಿ ಶುರುವಾದ ಇಂಟರ್‌ಫ್ಲೆಕ್ಸ್ ಕಾರ್ಯಕ್ರಮ ಮೊದಲಿಗೆ ಕೆಲವೇ ವಾರಗಳದ್ದು. ಯುದ್ಧ ನಡೆಯುತ್ತಿರುವ ದೇಶಕ್ಕೆ ಬೇರೆ ದಾರಿ ಇರಲಿಲ್ಲ. ಅಲ್ಲಿ ಪೆರೇಡಿನಂಥ ವಿಷಯಗಳನ್ನು ಬದಿಗಿಟ್ಟು, ಬದುಕುಳಿಯುವುದಕ್ಕೂ ಹೊಡೆಯುವುದಕ್ಕೂ ಬೇಕಾದುದನ್ನಷ್ಟೇ ಹಿಡಿದರು. ಅನುಭವ ಬಂದ ಮೇಲೆ ಅವಧಿಯನ್ನು ಅವರೂ ಹೆಚ್ಚಿಸಿದರು.

ದೇಹದಿಂದ ಶುರು ಮಾಡೋಣ, ಯಾಕೆಂದರೆ ಅತಿ ಹೆಚ್ಚು ವಾರಗಳು ಸೋರಿಹೋಗುವುದು ಅಲ್ಲೇ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಉದ್ದದ ನಡಿಗೆಯ ನಂತರ ಪಾದ ಊದಿಕೊಂಡು ಕುಂಟುವ ಸೈನಿಕರ ಬಗ್ಗೆ ಬರೆದಿದ್ದ. ಎಕ್ಸ್‌ರೇ ಬಂದ ಮೇಲೆ ಅದು ಪಾದದ ಮೂಳೆಯಲ್ಲಿನ ಕೂದಲೆಳೆಯಷ್ಟು ಸಣ್ಣ ಬಿರುಕು ಎಂದು ಗೊತ್ತಾಯಿತು. ಇಂದಿಗೂ ರಿಕ್ರೂಟರ ದೊಡ್ಡ ಶತ್ರು ಅದೇ. ಕಾರಣ ಸರಳ. ಮೂಳೆಯ ಮೇಲೆ ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಭಾಗವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗುವುದಕ್ಕೆ ಕೆಲವೇ ವಾರ, ಕಟ್ಟುವುದಕ್ಕೆ ತಿಂಗಳುಗಳು. ಹೀಗಾಗಿ ಮೂರನೇ ವಾರದಿಂದ ಐದನೇ ವಾರದ ಸುಮಾರಿಗೆ ರಿಕ್ರೂಟನ ಮೂಳೆ ಅವನು ಬಂದ ದಿನಕ್ಕಿಂತಲೂ ಬಡವಾಗಿರುತ್ತದೆ. ಆದರೆ ಹುಡುಗರಿಗೆ ದಮ್ಮು ಬಂದಿರುವುದೂ ಆಗಲೇ, ಓಟದ ಸಮಯ ಸುಧಾರಿಸುವುದೂ ಆಗಲೇ. ತರಬೇತುದಾರ ಅದನ್ನು ನೋಡಿ ಭಾರ ಏರಿಸುತ್ತಾನೆ. ಹೃದಯ, ಶ್ವಾಸಕೋಶ ಎರಡು ಮೂರು ವಾರದಲ್ಲಿ ಒಗ್ಗುತ್ತವೆ, ಮೂಳೆಗೆ ಆ ವೇಗ ಇಲ್ಲ.

ಇದಕ್ಕೆ ನಿಯಮ ಒಂದೇ. ದೂರ, ತೂಕ, ವೇಗ ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನು ಮಾತ್ರ ಏರಿಸಬೇಕು. ನಾಲ್ಕನೇ ವಾರದ ಹೊತ್ತಿಗೆ ಒಟ್ಟು ಭಾರವನ್ನು ಬೇಕೆಂದೇ ಇಳಿಸಬೇಕು. ವೇಳಾಪಟ್ಟಿಯಲ್ಲಿ ಕಾಣದ ನಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬ್ಯಾರಕ್ಕಿನಿಂದ ಊಟದ ಮನೆಗೆ, ಅಲ್ಲಿಂದ ಪಾಠದ ಕೋಣೆಗೆ, ಅಲ್ಲಿಂದ ಗುಂಡು ಹಾರಿಸುವ ರೇಂಜಿಗೆ, ಎಲ್ಲ ಕಡೆಗೂ ಓಡಿಸುವ ಪದ್ಧತಿ ಇದ್ದರೆ ಪಿ.ಟಿ. ಅವಧಿಯಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಫಲವಿಲ್ಲ. ಡಾಂಬರಿನ ಮೇಲೆ ಹಿಮ್ಮಡಿ ಕುಟ್ಟುವ ಪೆರೇಡ್ ಕೂಡ ಮೂಳೆಯ ಲೆಕ್ಕಕ್ಕೇ ಸೇರುತ್ತದೆ. ಇಸ್ರೇಲಿನ ಸೇನೆಯಲ್ಲಿ ಪದಾತಿ ರಿಕ್ರೂಟರಿಗೆ ದಿನಕ್ಕೆ ಕನಿಷ್ಠ 6 ಗಂಟೆ ನಿದ್ದೆ ಕಡ್ಡಾಯ ಮಾಡಿ, ಒಟ್ಟು ನಡಿಗೆಯ ದೂರವನ್ನು ಇಳಿಸಿದಾಗ ಈ ಬಿರುಕುಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದವು. ನಿದ್ದೆ ಕೊಡುವುದು ಮುದ್ದು ಮಾಡುವುದು ಎಂದುಕೊಂಡವರು ಇದನ್ನು ಗಮನಿಸಲಿ.

ಪತ್ತೆ ಹಚ್ಚುವುದು ಕಷ್ಟವಲ್ಲ. ಮೊಣಕಾಲ ಕೆಳಗಿನ ಮೂಳೆಯುದ್ದಕ್ಕೂ ಹರಡಿದ ನೋವಾದರೆ ಅದು ಸಾಮಾನ್ಯವಾಗಿ ಸ್ನಾಯುವಿನ, ಮೂಳೆಪೊರೆಯ ನೋವು. ಒಂದೇ ಬೆರಳಿನಿಂದ ಒತ್ತಿ ‘ಇಲ್ಲೇ’ ಎಂದು ತೋರಿಸಬಲ್ಲನಾದರೆ, ಆ ಕಾಲಿನ ಮೇಲೆ ಒಂಟಿಯಾಗಿ ಕುಪ್ಪಳಿಸಲು ಆಗದಿದ್ದರೆ, ಬಿರುಕೆಂದೇ ಹಿಡಿದು ವೈದ್ಯರ ಬಳಿಗೆ ಕಳಿಸಬೇಕು. ತೊಡೆಸಂದಿಯಲ್ಲಿ ನೋವು ಎಂದವನನ್ನು ಒಂದು ಹೆಜ್ಜೆಯೂ ನಡೆಸಬಾರದು. ತೊಡೆಮೂಳೆಯ ಕುತ್ತಿಗೆಯ ಬಿರುಕು ಜರುಗಿದರೆ ಶಸ್ತ್ರಚಿಕಿತ್ಸೆಯೇ ಗತಿ, ಸೈನಿಕ ಬದುಕೂ ಅಲ್ಲಿಗೆ ಮುಗಿಯಬಹುದು. ತೊಡಕೆಂದರೆ ರಿಕ್ರೂಟ್ ನೋವನ್ನು ಮುಚ್ಚಿಡುತ್ತಾನೆ. ಹೇಳಿದರೆ ಹಿಂದಿನ ಬ್ಯಾಚಿಗೆ ತಳ್ಳುತ್ತಾರೆ, ಗೆಳೆಯರು ಮುಂದೆ ಹೋಗುತ್ತಾರೆ ಎಂಬ ಭಯ. ಗಾಯಾಳುಗಳನ್ನು ಕಸ ಗುಡಿಸಲು ಹಚ್ಚುವ ಕೇಂದ್ರದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅವರಿಗೆಂದೇ ಒಂದು ಪ್ಲಟೂನ್ (ಕೆಲವು ಸೆಕ್ಷನ್‌ಗಳ ತುಕಡಿ) ಮಾಡಿ, ರೇಡಿಯೊ, ನಕ್ಷೆ, ಕೂತು ಮಾಡುವ ಆಯುಧಾಭ್ಯಾಸ ಮುಂದುವರಿಸಿ, ಬಿಟ್ಟ ವಾರದಿಂದಲೇ ಮತ್ತೆ ಸೇರಿಸಿಕೊಳ್ಳುವ ಕೇಂದ್ರದಲ್ಲಿ ನೋವಿನ ಸುದ್ದಿ ಬೇಗ ಬರುತ್ತದೆ.

ಹೊರೆಯ ವಿಷಯ. ಅಮೆರಿಕದ ಸೇನೆಯ ಹಳೆಯ ಮಾರ್ಗಸೂಚಿಯಲ್ಲಿ ಹೋರಾಟದ ಹೊರೆ ದೇಹತೂಕದ ಶೇ 30, ಅಂದರೆ ಸುಮಾರು 22 ಕೆ.ಜಿ.; ದೂರದ ನಡಿಗೆಯ ಹೊರೆ ಶೇ 45, ಸುಮಾರು 33 ಕೆ.ಜಿ. ಈ ಕೆ.ಜಿ. ಲೆಕ್ಕ ಸುಮಾರು 73 ಕೆ.ಜಿ. ತೂಗುವವನಿಗೆ. 60 ಕೆ.ಜಿ.ಯ ರಿಕ್ರೂಟನಿಗೆ ಶೇ 45 ಎಂದರೆ 27 ಕೆ.ಜಿ. ಎಲ್ಲರಿಗೂ ಒಂದೇ ತೂಕ ಹೊರಿಸಿದರೆ ಸಣ್ಣವರು ಮೊದಲು ಮುರಿಯುತ್ತಾರೆ. ಪದಾತಿದಳದಲ್ಲಿ ಮದ್ದುಗುಂಡು ದೇಹತೂಕ ನೋಡಿ ಹಂಚಿಕೆಯಾಗುವುದಿಲ್ಲ, ಕೊನೆಗೆ ಎಲ್ಲರೂ ಹೆಚ್ಚುಕಡಿಮೆ ಅಷ್ಟೇ ಹೊರಬೇಕು ನಿಜ. ಆದರೆ ಅಲ್ಲಿಗೆ ತಲುಪುವ ದಾರಿ ಒಬ್ಬೊಬ್ಬನದು ಬೇರೆ. 10 ಕೆ.ಜಿ., 5 ಕಿ.ಮೀ.ನಿಂದ ಆರಂಭಿಸಿ ವಾರಕ್ಕೊಂದೇ ಹೊರೆನಡಿಗೆ ಸಾಕು. ಭಾರದ ವಸ್ತು ಚೀಲದ ಮೇಲ್ಭಾಗದಲ್ಲಿ, ಬೆನ್ನಿಗೆ ಹತ್ತಿಕೊಂಡಂತೆ ಇರಬೇಕು, ಸೊಂಟಪಟ್ಟಿ ಬಿಗಿದಿರಬೇಕು. ಹೆಗಲ ಪಟ್ಟಿಯೇ ಇಡೀ ಭಾರ ಹೊತ್ತರೆ ಹೆಗಲಿನ ನರಗಳು ಒತ್ತಿಹೋಗಿ ತೋಳು ಜೋಮು ಹಿಡಿಯುತ್ತದೆ. ಕೆಲವರಿಗೆ ವಾರಗಟ್ಟಲೆ ತೋಳೆತ್ತಲು ಆಗುವುದಿಲ್ಲ, ಅಂಥವನು ರೈಫಲ್ ಹಿಡಿಯುವುದಾದರೂ ಹೇಗೆ?

ಕಾಲಿನ ಬೊಬ್ಬೆ ಉಜ್ಜಾಟದಿಂದ ಬರುತ್ತದೆ, ಒದ್ದೆ ಅದನ್ನು ಹೆಚ್ಚಿಸುತ್ತದೆ. ಬೆವರಿದ ಚರ್ಮ ಕಾಲುಚೀಲಕ್ಕೆ ಅಂಟಿ, ಒಳಪದರ ಮೂಳೆಯ ಜೊತೆ ಸರಿದಾಗ ನಡುವೆ ಹರಿದು ನೀರು ತುಂಬುತ್ತದೆ. ತೆಳು ಒಳಚೀಲ, ಮೇಲೆ ದಪ್ಪ ಚೀಲ, ಪ್ರತಿ ದೀರ್ಘ ವಿರಾಮದಲ್ಲೂ ಕಾಲು ಒರೆಸಿ ಚೀಲ ಬದಲು. ಬೂಟಿನ ಅಳತೆ ನೋಡುವುದು ಸಂಜೆ, ಪಾದ ಊದಿರುವಾಗ, ನಡಿಗೆಯ ಕಾಲುಚೀಲ ಹಾಕಿಕೊಂಡೇ. ಸ್ಟೋರಿನಲ್ಲಿ ಬೆಳಿಗ್ಗೆ ಸಾಲು ನಿಲ್ಲಿಸಿ ನಂಬರ್ ಕೇಳಿ ಬೂಟು ಎಸೆಯುವ ಪದ್ಧತಿಗೆ ಬೆಲೆ ತೆರುವುದು ಆರನೇ ವಾರದಲ್ಲಿ.

ಸೆಖೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಸಾಯುತ್ತಾರೆ. ಶಾಖದ ಅಪಾಯ ಅಳೆಯಲು ಜಗತ್ತಿನಾದ್ಯಂತ ಬಳಸುವ ವೆಟ್ ಬಲ್ಬ್ ಗ್ಲೋಬ್ ಸೂಚ್ಯಂಕ 1950ರ ದಶಕದಲ್ಲಿ ಅಮೆರಿಕದ ಮರೀನ್ ರಿಕ್ರೂಟರ ತರಬೇತಿಗಾಗಿಯೇ ರೂಪುಗೊಂಡದ್ದು. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಶೇ 70, ಬಿಸಿಲಿಗಿಟ್ಟ ಕಪ್ಪುಗೋಳಕ್ಕೆ ಶೇ 20, ನೆರಳಿನ ಒಣ ಉಷ್ಣಮಾಪಕಕ್ಕೆ ಶೇ 10 ಪಾಲು. ಅಂದರೆ ಸಾಮಾನ್ಯ ಉಷ್ಣಮಾಪಕ ಹೇಳುವುದು ಹತ್ತರಲ್ಲೊಂದು ಪಾಲು ಮಾತ್ರ. ತೇವಾಂಶವೇ ನಿಜವಾದ ಕೊಲೆಗಾರ. ಹೊಸಬನ ದೇಹ ಸೆಖೆಗೆ ಒಗ್ಗಲು 10ರಿಂದ 14 ದಿನ ಬೇಕು. 2013ರ ಜುಲೈನಲ್ಲಿ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ಬ್ರಿಟನ್ನಿನ ವಿಶೇಷ ಪಡೆಯ ಆಯ್ಕೆ ನಡಿಗೆಯಲ್ಲಿ ಮೂವರು ಸತ್ತರು. ಚಳಿನಾಡಿನಲ್ಲೂ ಒಂದು ಬಿಸಿ ದಿನ, ಬೆನ್ನಮೇಲಿನ ಹೊರೆ, ಹಿಂದೆ ಬೀಳಬಾರದೆಂಬ ಹಟ ಸೇರಿದರೆ ಸಾಕು.

ಗುರುತಿಸುವಲ್ಲಿ ಆಗುವ ದೊಡ್ಡ ತಪ್ಪು, ‘ಬೆವರುತ್ತಿದ್ದಾನೆ, ಹಾಗಾಗಿ ಹೀಟ್ ಸ್ಟ್ರೋಕ್ ಅಲ್ಲ’ ಎಂಬ ತೀರ್ಮಾನ. ದುಡಿಮೆಯಿಂದ ಬರುವ ಹೀಟ್ ಸ್ಟ್ರೋಕಿನಲ್ಲಿ ಬೆವರು ನಿಂತಿರಲೇಬೇಕೆಂದಿಲ್ಲ. ನೋಡಬೇಕಾದದ್ದು ತಲೆಯ ಸ್ಥಿತಿ: ತೊದಲುವುದು, ತೂರಾಡುವುದು, ವಿನಾಕಾರಣ ಸಿಟ್ಟಾಗುವುದು, ತನ್ನ ಸೆಕ್ಷನ್ ಯಾವುದೆಂದು ಮರೆಯುವುದು. ಒಳದೇಹದ ಉಷ್ಣ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಅರ್ಧ ಗಂಟೆಯೊಳಗೆ ಇಳಿಸಿದರೆ ಬಹುತೇಕರು ಉಳಿಯುತ್ತಾರೆ. ಹಾಗಾಗಿ ಮಂಜುಗಡ್ಡೆಯ ನೀರಿನ ತೊಟ್ಟಿ ನಡಿಗೆಯ ಕೊನೆಯಲ್ಲಿ ಸಿದ್ಧವಿರಬೇಕು. ಆಂಬುಲೆನ್ಸ್ ಮಾತ್ರ ನಿಲ್ಲಿಸಿಕೊಂಡು ಸುಮ್ಮನಾಗುವುದು ಅರ್ಧ ಸಿದ್ಧತೆ. ಹಾಗೆಂದು ಸುಮ್ಮನೆ ನೀರು ಕುಡಿಸುತ್ತಲೇ ಹೋಗುವುದೂ ಅಪಾಯ. ರಕ್ತದ ಸೋಡಿಯಂ ಕುಸಿದು ಮಿದುಳು ಊದುತ್ತದೆ. ವಾಂತಿ, ಗೊಂದಲ, ಫಿಟ್ಸ್ ಬರುತ್ತವೆ, ಹೊರನೋಟಕ್ಕೆ ಹೀಟ್ ಸ್ಟ್ರೋಕಿನಂತೆಯೇ ಕಾಣುತ್ತದೆ. ಗಂಟೆಗೆ ಸುಮಾರು 1.4 ಲೀಟರ್, ದಿನಕ್ಕೆ 11 ಲೀಟರ್ ಎಂಬುದು ಅಮೆರಿಕದ ಸೇನೆ ಹಾಕಿಕೊಂಡಿರುವ ಮೇಲ್ಮಿತಿ. ಜೊತೆಗೆ ಊಟ ತಪ್ಪಬಾರದು, ಉಪ್ಪು ಬರುವುದು ಊಟದಿಂದಲೇ.

ಈಗ ರೈಫಲ್. ಗುಂಡುಗಳು ಅತಿ ಹೆಚ್ಚು ಪೋಲಾಗುವುದು ಗ್ರೂಪಿಂಗ್ (ಗುಂಡುಗಳು ಒಂದೇ ಕಡೆ ಒತ್ತಾಗಿ ಬೀಳುವುದು) ಕೂಡುವ ಮೊದಲೇ ಜೀರೋ ಮಾಡಲು, ಅಂದರೆ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಸೈಟ್ ಎಂಬ ಗುರಿನೋಟದ ಭಾಗವನ್ನು ತಿದ್ದಲು, ಹೊರಟಾಗ. 25 ಮೀಟರಿನಲ್ಲಿ ಐದು ಗುಂಡುಗಳು 4 ಸೆಂ.ಮೀ. ವೃತ್ತದೊಳಗೆ ಬಿದ್ದರೆ, ಅದೇ ಹರವು 100 ಮೀಟರಿಗೆ 16 ಸೆಂ.ಮೀ., 300 ಮೀಟರಿಗೆ 48 ಸೆಂ.ಮೀ. ಆಗುತ್ತದೆ. ಅದು ಹೆಚ್ಚುಕಡಿಮೆ ಒಬ್ಬ ಮನುಷ್ಯನ ಎದೆಯಗಲ. ಅಂದರೆ 25 ಮೀಟರಿನಲ್ಲಿ 8 ಸೆಂ.ಮೀ. ಗ್ರೂಪ್ ಬರುತ್ತಿರುವವನ ಸೈಟನ್ನು ಎಷ್ಟು ತಿರುಗಿಸಿದರೂ 300 ಮೀಟರಿನಲ್ಲಿ ಅವನ ಅರ್ಧಕ್ಕರ್ಧ ಗುಂಡು ಗುರಿಯಾಚೆ ಹೋಗುತ್ತವೆ. ಅವನಿಗೆ ಬೇಕಾದದ್ದು ಸೈಟಿನ ತಿದ್ದುಪಡಿಯಲ್ಲ. ಅವನು ಮಲಗಿರುವ ಭಂಗಿ, ಉಸಿರು, ಟ್ರಿಗರ್ ಒತ್ತುವ ಬೆರಳು ತಿದ್ದಬೇಕು.

ತರಬೇತುದಾರ ಗುರಿಹಲಗೆಯನ್ನು ದುರ್ಬೀನಿನಲ್ಲಿ ನೋಡುತ್ತ ಕೂತರೆ ಕೆಲಸ ಆಗದು. ಅವನು ನೋಡಬೇಕಾದದ್ದು ರಿಕ್ರೂಟನ ಮುಖ ಮತ್ತು ಬೆರಳು. ಸದ್ದಿಗೆ, ಒದೆತಕ್ಕೆ ಮೊದಲೇ ಬೆದರಿ ಕಣ್ಣು ಮುಚ್ಚುವವನ ಮ್ಯಾಗಜಿನ್ನಿನಲ್ಲಿ ಅವನಿಗೆ ತಿಳಿಯದಂತೆ ಒಂದೆರಡು ಡಮ್ಮಿ ಗುಂಡು ಸೇರಿಸಬೇಕು. ಡಮ್ಮಿಯ ಸರದಿ ಬಂದಾಗ ಗುಂಡು ಹಾರದಿದ್ದರೂ ನಳಿಕೆ ಕೆಳಕ್ಕೆ ಕುಸಿಯುತ್ತದೆ. ಬೈಯುವ ಅಗತ್ಯವೇ ಇಲ್ಲ, ಅವನಿಗೇ ಕಾಣುತ್ತದೆ. ಬಲಗೈಯವನಾಗಿದ್ದು ಎಡಗಣ್ಣು ಪ್ರಬಲವಾಗಿರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಮೊದಲ ದಿನವೇ ಎರಡೂ ಕೈ ಚಾಚಿ, ಬೆರಳುಗಳ ನಡುವಿನ ಸಣ್ಣ ಕಿಂಡಿಯಿಂದ ದೂರದ ವಸ್ತು ನೋಡಿಸಿ, ಒಂದೊಂದೇ ಕಣ್ಣು ಮುಚ್ಚಿಸಿದರೆ ಗೊತ್ತಾಗುತ್ತದೆ. ಅದನ್ನು ಮಾಡದೆ ಎಂಟು ವಾರ ‘ಇವನಿಗೆ ಬರೋದಿಲ್ಲ’ ಎಂದುಕೊಂಡು ಕೈಬಿಟ್ಟವರ ಪಟ್ಟಿ ದೊಡ್ಡದಿರಬಹುದು.

ಅಮೆರಿಕನ್ನರು 1950ರ ದಶಕದಲ್ಲಿ ವೃತ್ತಗಳ ಹಲಗೆ ಬಿಟ್ಟು, ಗೊತ್ತಿಲ್ಲದ ದೂರದಲ್ಲಿ ಥಟ್ಟನೆ ಎದ್ದು, ಗುಂಡು ತಗುಲಿದರೆ ಬೀಳುವ ಮನುಷ್ಯಾಕಾರದ ಗುರಿಗೆ ಬಂದರು. ಅದು ದೊಡ್ಡ ತಿರುವು. ಅದಾದ ಮೇಲೂ ಎಷ್ಟೋ ಕಡೆ ಅಂತಿಮ ಪರೀಕ್ಷೆ ಮಲಗಿಕೊಂಡು, ಹಗಲಲ್ಲಿ, ಉಸಿರು ಸಮನಾದ ಮೇಲೆ ನಡೆಯುತ್ತದೆ. ತುಕಡಿಗೆ ಬೇಕಾದವನು 200 ಮೀಟರ್ ಓಡಿ, ಗೋಡೆಯ ಬಲಬದಿಯಿಂದ ಒಮ್ಮೆ, ಎಡಬದಿಯಿಂದ ಒಮ್ಮೆ, ಮೊಣಕಾಲೂರಿ ಹೊಡೆಯಬಲ್ಲವನು. ಇದಕ್ಕೆ ಹೆಚ್ಚಿನ ಗುಂಡು ಬೇಡ, ಇರುವ ಗುಂಡನ್ನೇ ಬೇರೆ ರೀತಿ ಖರ್ಚು ಮಾಡಿದರಾಯಿತು.

ಅಕಸ್ಮಾತ್ ಗುಂಡು ಹಾರುವುದು ಹೆಚ್ಚಾಗಿ ಹೊಡೆಯುವಾಗಲ್ಲ, ಖಾಲಿ ಮಾಡುವಾಗ. ಕ್ರಮ ತಪ್ಪುವುದೇ ಕಾರಣ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಹಿಡಿ ಎಳೆದು ಚೇಂಬರಿನ (ನಳಿಕೆಯ ಬುಡದ) ಗುಂಡು ಹೊರಹಾಕಬೇಕು, ಕಣ್ಣಿಂದ ನೋಡಬೇಕು, ಕತ್ತಲಾದರೆ ಬೆರಳಿಟ್ಟು ನೋಡಬೇಕು, ಆಮೇಲಷ್ಟೇ ಟ್ರಿಗರ್. ದಣಿದವನು ಮೊದಲು ಹಿಡಿ ಎಳೆಯುತ್ತಾನೆ, ಆಮೇಲೆ ಮ್ಯಾಗಜಿನ್ ತೆಗೆಯುತ್ತಾನೆ. ಹಳೆ ಗುಂಡು ಹೊರಬಿದ್ದದ್ದನ್ನು ಕಂಡು ಖಾಲಿಯಾಯಿತು ಎಂದುಕೊಳ್ಳುತ್ತಾನೆ, ಅಷ್ಟರಲ್ಲಿ ಮ್ಯಾಗಜಿನ್ನಿನಿಂದ ಹೊಸದು ಒಳಸೇರಿರುತ್ತದೆ. ಮೂವತ್ತು ಗಂಟೆ ನಿದ್ದೆಗೆಟ್ಟ ಮೇಲೂ ಕ್ರಮ ತಪ್ಪದಷ್ಟು ಸಲ ಇದನ್ನು ಮಾಡಿಸಬೇಕು. ಆಯುಧ ಸಿಕ್ಕಿಬೀಳುವುದರಲ್ಲೂ ರೈಫಲಿಗಿಂತ ಮ್ಯಾಗಜಿನ್ನಿನ ತಪ್ಪೇ ಹೆಚ್ಚು: ತುಟಿ ಬಾಗಿರುತ್ತದೆ, ಸ್ಪ್ರಿಂಗ್ ಸೋತಿರುತ್ತದೆ, ಒಳಗೆ ಮರಳು ಸೇರಿರುತ್ತದೆ. ಪ್ರತಿ ಮ್ಯಾಗಜಿನ್ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆಸಿದರೆ ಎರಡನೇ ಸಲ ಸಿಕ್ಕಿದಾಗ ಯಾವುದೆಂದು ಗೊತ್ತಾಗಿ ಎಸೆಯಬಹುದು. ಬರೆಯದಿದ್ದರೆ ಕೆಟ್ಟ ಮ್ಯಾಗಜಿನ್ ಕೈಯಿಂದ ಕೈಗೆ ಇಡೀ ಪ್ಲಟೂನ್ ಸುತ್ತುತ್ತದೆ.

ಗ್ರೆನೇಡ್ ಬಗ್ಗೆ ಚಿಕ್ಕದಾಗಿ: ಪಿನ್ ಎಳೆದ ಮೇಲೆ ಹಿಡಿತ ಬದಲಿಸುವುದು, ಕೈ ಬೆವರಿರುವುದು, ಎಸೆದದ್ದು ಎಲ್ಲಿ ಬಿತ್ತೆಂದು ತಲೆ ಎತ್ತಿ ನೋಡುವುದು, ಇವು ಅಪಘಾತದ ಮುಖ್ಯ ಮೂಲ. ಹೊತ್ತಿಕೊಂಡ ಮೇಲೆ ಸಾಮಾನ್ಯವಾಗಿ ಸಿಗುವುದು ನಾಲ್ಕೈದು ಸೆಕೆಂಡ್. ತರಬೇತುದಾರ ತೋಳಳತೆಯಲ್ಲಿ ನಿಂತು, ಕೈಜಾರಿದರೆ ರಿಕ್ರೂಟನನ್ನು ಗೋಡೆಯಾಚೆ ಎಳೆದೊಯ್ಯುವುದನ್ನು ಇಬ್ಬರೂ ಸೇರಿ ಮೊದಲೇ ಅಭ್ಯಾಸ ಮಾಡಿರಬೇಕು.

ಸೆಕ್ಷನ್ ಅಭ್ಯಾಸಕ್ಕೆ ಬಂದರೆ, ಇಂದಿನ ಪದ್ಧತಿಯ ಬೇರು 1941–42ರ ಬ್ರಿಟನ್ನಿನಲ್ಲಿದೆ. ಬ್ರಿಟಿಷ್ ಸೇನಾಧಿಕಾರಿ ಲಯೊನೆಲ್ ವಿಗ್ರಮ್ ಮತ್ತು ಅವರ ಜೊತೆಗಾರರು ಗುಂಡಿನ ದಾಳಿಗೆ ಸಿಕ್ಕ ಸಣ್ಣ ತುಕಡಿ ಏನು ಮಾಡಬೇಕೆಂಬುದನ್ನು ಹಂತಹಂತವಾಗಿ ಒಡೆದು, ಮೈದಾನದಲ್ಲಿ ನಡೆಯುತ್ತ ಕಲಿಸಿ, ಆಮೇಲೆ ಗದ್ದಲ, ಹೊಗೆ, ತಲೆಮೇಲೆ ಹಾರುವ ನಿಜ ಗುಂಡಿನ ನಡುವೆ ಮಾಡಿಸಿದರು. ಓಡು, ಬೀಳು, ತೆವಳು, ನೋಡು, ಸೈಟ್ ಹಾಕು, ಹೊಡೆ. ಬಿದ್ದ ಜಾಗದಿಂದಲೇ ಮೇಲೇಳಬಾರದು. ಶತ್ರುವಿನ ನಳಿಕೆ ಆ ಜಾಗಕ್ಕೇ ನೆಟ್ಟಿರುತ್ತದೆ, ಒಂದೆರಡು ಮೀಟರ್ ತೆವಳಿಯೇ ಏಳಬೇಕು. ಎದ್ದು ಓಡುವುದು 3ರಿಂದ 5 ಸೆಕೆಂಡ್ ಮಾತ್ರ, ಹೊರೆಯೊಂದಿಗೆ ಅದು 12ರಿಂದ 20 ಮೀಟರ್. ಇದರ ಅಭ್ಯಾಸವಿಲ್ಲದವರು 40 ಮೀಟರ್ ಓಡಲು ನೋಡುತ್ತಾರೆ.

ರಿಕ್ರೂಟರು ಎಡವುವ ಜಾಗಗಳು ಎಲ್ಲ ಕಡೆಯೂ ಅವೇ. ಒಬ್ಬ ಓಡುವಾಗ ಇನ್ನೊಬ್ಬ ಹೊಡೆಯಬೇಕಾದ ಜೋಡಿಯಲ್ಲಿ ಇಬ್ಬರೂ ಒಟ್ಟಿಗೆ ಓಡುತ್ತಾರೆ, ಹೊಡೆಯುವವನೇ ಇರುವುದಿಲ್ಲ. ಇಲ್ಲವೇ ಮ್ಯಾಗಜಿನ್ ಬದಲಿಸುತ್ತಿರುವುದನ್ನು ಕೂಗಿ ಹೇಳುವುದಿಲ್ಲ, ಜೊತೆಗಾರ ಖಾಲಿ ಬಂದೂಕನ್ನು ನಂಬಿ ಎದ್ದಿರುತ್ತಾನೆ. ಬಯಲಿನಲ್ಲಿ 5ರಿಂದ 10 ಮೀಟರ್ ಅಂತರ ಎಂದು ಹತ್ತು ಸಲ ಹೇಳಿದರೂ ಭಯವಾದೊಡನೆ ಒಬ್ಬರ ಪಕ್ಕ ಒಬ್ಬರು ಬಂದು ಕೂಡಿಕೊಳ್ಳುತ್ತಾರೆ, ಮನುಷ್ಯ ಸ್ವಭಾವ. ಗುಂಡಿನ ಲೆಕ್ಕ ಇರುವುದಿಲ್ಲ. ನಿಮಿಷಕ್ಕೆ 700 ಗುಂಡು ಹಾರಿಸುವ ರೈಫಲ್ಲನ್ನು ಆಟೊಮ್ಯಾಟಿಕ್‌ಗೆ ಹಾಕಿ ಒತ್ತಿಹಿಡಿದರೆ ಮೂವತ್ತು ಗುಂಡಿನ ಮ್ಯಾಗಜಿನ್ ಮೂರು ಸೆಕೆಂಡಿನೊಳಗೆ ಖಾಲಿ. ಏಳು ಮ್ಯಾಗಜಿನ್ ಎಂದರೆ 210 ಗುಂಡು. ನಿಮಿಷಕ್ಕೆ 12ರಂತೆ ಹೊಡೆದರೆ ಹದಿನೇಳು ನಿಮಿಷದ ಹೋರಾಟ. ಈ ಗುಣಾಕಾರವನ್ನು ಪಾಠದ ಕೋಣೆಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ. ಅಭ್ಯಾಸದ ನಡುವೆ ನಿಜವಾಗಿಯೂ ಗುಂಡು ಮುಗಿದು, ದಾಳಿಯ ಕೊನೆಯ ಐವತ್ತು ಮೀಟರಿನಲ್ಲಿ ಬರಿಗೈಯಾದಾಗ ಅರ್ಥವಾಗುತ್ತದೆ. ಹಾಗಾಗಿ ಅಭ್ಯಾಸದಲ್ಲಿ ಮಧ್ಯೆ ಮಧ್ಯೆ ಗುಂಡು ತುಂಬಿಕೊಡುವ ಉದಾರತನ ಬೇಡ.

ಗುಂಡು ಎಲ್ಲಿಂದ ಬಂತೆಂದು ಕಿವಿಯಿಂದ ತಿಳಿಯುವುದನ್ನೂ ಕಲಿಸಬಹುದು, ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಶಬ್ದಕ್ಕಿಂತ ವೇಗವಾಗಿ ಬರುವ ಗುಂಡು ಹತ್ತಿರ ಹಾದುಹೋಗುವಾಗ ‘ಚಟ್’ ಎನ್ನುತ್ತದೆ, ಬಂದೂಕಿನ ‘ಧಡ್’ ಆಮೇಲೆ ಬರುತ್ತದೆ. ದಿಕ್ಕು ಹೇಳುವುದು ಎರಡನೆಯದು. ನಡುವಿನ ಅಂತರ ಅರ್ಧ ಸೆಕೆಂಡ್ ಇದ್ದರೆ ಹೊಡೆದವನು ಸುಮಾರು 300 ಮೀಟರ್ ಆಚೆ. ಸುರಕ್ಷಿತ ಕಂದಕದಲ್ಲಿ ಕೂರಿಸಿ, ಮೇಲೆ ಗುಂಡು ಹಾರಿಸಿ, ದಿಕ್ಕು ತೋರಿಸಲು ಹೇಳಿದರೆ ಮೊದಲ ಸಲ ಹೆಚ್ಚಿನವರು ‘ಚಟ್’ ಬಂದ ಕಡೆ ಬೆರಳು ಮಾಡುತ್ತಾರೆ. ಕೆಲವು ಅಭ್ಯಾಸಗಳಲ್ಲೇ ತಿದ್ದಿಕೊಳ್ಳುತ್ತಾರೆ.

ರಕ್ಷಣೆಯ ಗುಂಡಿ ಅಗೆಯುವುದು ಯಾರಿಗೂ ಇಷ್ಟವಿಲ್ಲ. ಇಬ್ಬರ ಗುಂಡಿ ಕಂಕುಳ ಆಳ, ಎರಡು ರೈಫಲ್ ಉದ್ದ, ಮೇಲೆ ಕನಿಷ್ಠ 45 ಸೆಂ.ಮೀ. ಮಣ್ಣಿನ ಹೊದಿಕೆ. ಮೊಣಕಾಲುದ್ದ ಅಗೆದು ‘ಉಳಿದದ್ದು ಹೀಗೆಯೇ’ ಎಂದು ಮುಗಿಸುವ ಕೇಂದ್ರಗಳಿಂದ ಬಂದವರಿಗೆ ಪೂರ್ತಿ ಗುಂಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಅಂಗೈ ಏನಾಗುತ್ತದೆ ಎಂಬ ಅಂದಾಜೇ ಇರುವುದಿಲ್ಲ. ಡ್ರೋನ್‌ಗಳು ಬಂದ ಮೇಲೆ ಮೇಲ್ಹೊದಿಕೆ ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. ಹೊಸ ಮಣ್ಣಿನ ಬಣ್ಣ, ಒಣಹಾಕಿದ ಬಟ್ಟೆ, ಒಂದೇ ದಾರಿಯಲ್ಲಿ ನಡೆದು ಬಿದ್ದ ಜಾಡು ಮೇಲಿನಿಂದ ಹೇಗೆ ಕಾಣುತ್ತದೆಂದು ರಿಕ್ರೂಟರ ಗುಂಡಿಯ ಮೇಲೆಯೇ ಒಂದು ಸಾಮಾನ್ಯ ಡ್ರೋನ್ ಹಾರಿಸಿ, ಆ ಚಿತ್ರವನ್ನು ಅವರಿಗೇ ತೋರಿಸುವುದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಪ್ರಥಮ ಚಿಕಿತ್ಸೆಯಲ್ಲಿ ಅಮೆರಿಕದ 75ನೇ ರೇಂಜರ್ ರೆಜಿಮೆಂಟಿನ ಲೆಕ್ಕ ಎಲ್ಲರೂ ತಿಳಿಯಬೇಕಾದದ್ದು. ವೈದ್ಯಕೀಯ ಸಹಾಯಕರಿಗಷ್ಟೇ ಅಲ್ಲ, ರೆಜಿಮೆಂಟಿನ ಪ್ರತಿಯೊಬ್ಬನಿಗೂ ರಕ್ತಸ್ರಾವ ನಿಲ್ಲಿಸುವುದನ್ನು ಅವರು ಕಲಿಸಿದರು. 2001ರಿಂದ 2010ರವರೆಗಿನ ಕಾಳಗಗಳಲ್ಲಿ ಅವರ 32 ಮಂದಿ ಸತ್ತರು. ಆಸ್ಪತ್ರೆಗೆ ಮುಂಚೆ ತಡೆಯಬಹುದಾಗಿದ್ದ ಸಾವು ಅದರಲ್ಲಿ ಒಂದೂ ಇರಲಿಲ್ಲ. ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಪಟ್ಟಿ ಕಟ್ಟುವಲ್ಲಿ ಆಗುವ ಮುಖ್ಯ ತಪ್ಪು, ಪಟ್ಟಿಯ ಸಡಿಲವನ್ನು ಮೊದಲು ಪೂರ್ತಿ ಎಳೆಯದೆ ಕಡ್ಡಿ ತಿರುಗಿಸಲು ಶುರು ಮಾಡುವುದು. ಆಗ ಎಷ್ಟು ಸುತ್ತು ತಿರುಗಿಸಿದರೂ ಬಿಗಿ ಬಾರದು. ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲಿನ ಮೇಲೆ ಬಾರದಂತೆ, ಜೇಬಿನಲ್ಲಿ ಗಟ್ಟಿ ವಸ್ತು ಇಲ್ಲವೆಂದು ನೋಡಿ, ರಕ್ತ ನಿಲ್ಲುವವರೆಗೂ ಬಿಗಿದು, ಸಮಯ ಬರೆಯಬೇಕು. ತರಬೇತಿಯಲ್ಲಿ ಜೊತೆಗಾರನಿಗೆ ನೋಯುತ್ತದೆಂದು ಅರ್ಧಕ್ಕೇ ನಿಲ್ಲಿಸುತ್ತಾರೆ, ತರಬೇತುದಾರನೂ ಸುಮ್ಮನಿರುತ್ತಾನೆ. ಕೆಳಗಿನ ನಾಡಿ ನಿಂತಿತೇ ಎಂದು ಮುಟ್ಟಿ ನೋಡಿ, ಕ್ಷಣದಲ್ಲೇ ಬಿಡಿಸಿದರೆ ಯಾವ ಹಾನಿಯೂ ಇಲ್ಲ. ನಿಜವಾದ ಬಿಗಿ ಎಷ್ಟೆಂಬುದು ಇಬ್ಬರಿಗೂ ತಿಳಿಯುತ್ತದೆ. ತನ್ನ ಕಾಲಿಗೆ ತಾನೇ, ಎಡಗೈಯಲ್ಲಿ, ಕತ್ತಲಲ್ಲಿ ಕಟ್ಟಿಕೊಳ್ಳುವುದನ್ನೂ ಮಾಡಿಸಬೇಕು. ಅಭ್ಯಾಸಕ್ಕೆ ಬಳಸಿದ ಟೂರ್ನಿಕೆಟ್ಟನ್ನು ಕಾಳಗದ ಚೀಲಕ್ಕೆ ಹಾಕಬಾರದು, ಎಳೆತಕ್ಕೆ ಅದು ಸೋತಿರುತ್ತದೆ.

ಶಿಸ್ತಿನ ಬಗ್ಗೆ ಬರೆದ ಓದುಗರಿಗೆ ಒಂದು ಮಾತು. ಕಠಿಣ ತರಬೇತಿ ಬೇರೆ, ಹಿಂಸೆ ಬೇರೆ. 1956ರ ಏಪ್ರಿಲ್ 8ರ ರಾತ್ರಿ ಅಮೆರಿಕದ ಪ್ಯಾರಿಸ್ ಐಲ್ಯಾಂಡಿನ ಮರೀನ್ ತರಬೇತಿ ಕೇಂದ್ರದಲ್ಲಿ ಒಬ್ಬ ತರಬೇತುದಾರ ಶಿಸ್ತು ಕಲಿಸುವ ನೆಪದಲ್ಲಿ ತನ್ನ ಪ್ಲಟೂನನ್ನು ರಿಬ್ಬನ್ ಕ್ರೀಕ್ ಎಂಬ ಜೌಗಿನ ತೊರೆಗೆ ಇಳಿಸಿದ. ಆರು ರಿಕ್ರೂಟರು ಮುಳುಗಿ ಸತ್ತರು. ಆ ರಾತ್ರಿಯ ನಡಿಗೆ ವೇಳಾಪಟ್ಟಿಯಲ್ಲೇ ಇರಲಿಲ್ಲ. ಕಷ್ಟ ಕೊಡುವ ಮುಂಚೆ ಅದರಿಂದ ಯಾವ ಕೆಲಸ ಕಲಿಯುತ್ತಾನೆ ಎಂದು ತರಬೇತುದಾರ ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ಆ ಕಷ್ಟವನ್ನು ಪಟ್ಟಿಯಿಂದ ತೆಗೆಯುವುದೇ ಸರಿ.

ಕೊನೆಯದು, ಚರ್ಚೆಯಲ್ಲಿ ಯಾರೂ ಎತ್ತದ ವಿಷಯ: ಕೇಂದ್ರದಿಂದ ಕಂಪನಿಗೆ ಕೈಬದಲಾಗುವ ಹೊತ್ತು. 1944ರಲ್ಲಿ ಯುರೋಪಿನಲ್ಲಿ ಹೋರಾಡುತ್ತಿದ್ದ ಅಮೆರಿಕದ ತುಕಡಿಗಳಿಗೆ ಬದಲಿ ಸೈನಿಕರನ್ನು ಒಬ್ಬೊಬ್ಬರಾಗಿ, ಎಷ್ಟೋ ಸಲ ರಾತ್ರಿ ಹೊತ್ತು, ನೇರವಾಗಿ ಮುಂಚೂಣಿಯ ಗುಂಡಿಗಳಿಗೆ ಸೇರಿಸಲಾಯಿತು. ಪಕ್ಕದವನಿಗೆ ಹೆಸರು ತಿಳಿಯುವ ಮೊದಲೇ ಹಲವರು ಸತ್ತರು. ಅವರು ತಿಂಗಳುಗಟ್ಟಲೆ ತರಬೇತಿ ಪಡೆದವರೇ. ಕೆಲವು ಡಿವಿಷನ್‌ಗಳು ಪಾಠ ಕಲಿತು, ಹೊಸಬರನ್ನು ಮೊದಲು ಹಿಂದೆ ಉಳಿಸಿಕೊಂಡು, ಹಳಬರ ಜೊತೆ ಕೆಲವು ದಿನ ಅಭ್ಯಾಸ ಮಾಡಿಸಿಯೇ ಮುಂದೆ ಕಳಿಸತೊಡಗಿದವು.

ಶಾಂತಿಕಾಲದಲ್ಲಿ ಇದೇ ತಪ್ಪು ಬೇರೆ ರೂಪದಲ್ಲಿ ನಡೆಯುತ್ತದೆ. ಹೊಸಬ ಬಂದ ದಿನವೇ ಕಾವಲು, ಸ್ಟೋರು, ಸಾಮಾನು ಹೊರುವುದು. ಮೂರು ತಿಂಗಳು ರೈಫಲ್ ಮುಟ್ಟುವುದು ಒರೆಸಲು ಮಾತ್ರ. ಕೈಗೆ ಬಂದ ಕೆಲಸ ಬಳಸದಿದ್ದರೆ ತಿಂಗಳುಗಳಲ್ಲೇ ಮಾಸುತ್ತದೆ, ಅದರಲ್ಲೂ ಹಲವು ಹಂತಗಳಿರುವ ಕೆಲಸಗಳು ಮೊದಲು ಹೋಗುತ್ತವೆ. ಕೇಂದ್ರದಿಂದ ಬರುವ ಕಾಗದದಲ್ಲಿ ‘ಉತ್ತೀರ್ಣ’ ಎಂಬ ಪದವಷ್ಟೇ ಇರುವುದರಿಂದ ಸೆಕ್ಷನ್ ಕಮಾಂಡರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಒಂದು ಪುಟ ಬರಲಿ: 25 ಮೀಟರಿನ ಗ್ರೂಪ್ ಎಷ್ಟು ಸೆಂ.ಮೀ., ಯಾವ ಕಣ್ಣು, ರಾತ್ರಿ ಎಷ್ಟು ಗುಂಡು ಹೊಡೆದ, ಲಘು ಮೆಷಿನ್ ಗನ್ನಿನಲ್ಲಿ ಒಂದನೇ ನಂಬರೋ (ಹೊಡೆಯುವವನು) ಎರಡನೆಯದೋ (ಅವನ ಜೊತೆಗಾರ), ಯಾವ ಮೂಳೆಗೆ ಏನಾಗಿತ್ತು, ಎಷ್ಟು ತೂಕ ಹೊತ್ತು ಎಷ್ಟು ದೂರ ನಡೆದ. ಕಂಪನಿಯಲ್ಲಿ ಮೊದಲ ವಾರವೇ ಅವನಿಗೆ ಕೊಟ್ಟ ರೈಫಲನ್ನು ಮತ್ತೆ ಜೀರೋ ಮಾಡಿಸಲಿ, ಕೇಂದ್ರದಲ್ಲಿ ಜೀರೋ ಮಾಡಿದ್ದು ಬೇರೆ ರೈಫಲ್. ಒಬ್ಬ ಹಳಬನ ಜೊತೆ ಜೋಡಿ ಹಾಕಲಿ, ಮೊದಲ ತಿಂಗಳು ಆ ಜೋಡಿಯನ್ನು ಒಡೆಯದಿರಲಿ. ಮೂರು ತಿಂಗಳಾದ ಮೇಲೆ ಸೆಕ್ಷನ್ ಕಮಾಂಡರ್ ಅದೇ ಪುಟದ ಹಿಂಬದಿಯಲ್ಲಿ ಯಾವುದು ಬಂತು, ಯಾವುದು ಬರಲಿಲ್ಲ ಎಂದು ಬರೆದು ತರಬೇತಿ ಕೇಂದ್ರಕ್ಕೆ ವಾಪಸ್ ಕಳಿಸಲಿ. ಮುಂದಿನ ಬ್ಯಾಚಿನ ವೇಳಾಪಟ್ಟಿ ಹಾಕುವವರ ಮೇಜಿನ ಮೇಲೆ ಆ ಪುಟಗಳು ಇರಬೇಕು.

ಇತಿ,
ಪದಾತಿ ತರಬೇತಿಯಲ್ಲಿ ದುಡಿದ ಕೆಲವು ನಿವೃತ್ತರು